ಡಬ್ಬಿ ಸಿಗದ ದಿನಗಳನ್ನೂ ಪುಸ್ತಕಕ್ಕೆ ಸೇರಿಸಿ

ಪ್ರಶ್ನೆ: ನಾನೂ ನನ್ನ ಮಗನೂ 2013ರಿಂದ ಜಿಯೋಕ್ಯಾಶಿಂಗ್, ಅಂದರೆ ಬಚ್ಚಿಟ್ಟ ಡಬ್ಬಿ ಹುಡುಕುವ ಆಟ, ಆಡುತ್ತಿದ್ದೇವೆ. ಬೆಂಗಳೂರು, ಮೈಸೂರು, ನಂದಿಬೆಟ್ಟದ ಕಡೆ, ಎರಡು ಸಲ ಹೊರದೇಶ, ಎಲ್ಲ ಸೇರಿ 137 ಲಾಗ್ ಬರೆದಿದ್ದೇವೆ. ಶುರು ಮಾಡಿದಾಗ ಅವನಿಗೆ ಏಳು ವರ್ಷ. ಈಗ ಓದಲು ಜರ್ಮನಿಗೆ ಹೊರಟಿದ್ದಾನೆ. ಅಷ್ಟರೊಳಗೆ ಲಾಗ್‌ಗಳನ್ನು ಒಂದು ಪುಸ್ತಕ ಮಾಡಿ ಕೈಗಿಡಬೇಕು ಅಂತ ಆಸೆ. ಅರ್ಧ ಇಂಗ್ಲಿಷಿನಲ್ಲಿವೆ, ಅರ್ಧ ಕನ್ನಡದಲ್ಲಿ. ಬಹಳಷ್ಟು ಒಂದೇ ಸಾಲಿನವು, ಓದಿದರೆ ನಾಚಿಕೆಯಾಗುತ್ತದೆ. ತಿದ್ದಿ ಚೆನ್ನಾಗಿ ಬರೆಯಲೇ? ಎಲ್ಲವನ್ನೂ ಹಾಕಬೇಕೇ? ಮುದ್ರಣ, ಬೈಂಡಿಂಗ್ ಹೇಗೆ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ:

ತಿದ್ದಬೇಡಿ. ಕಾಗುಣಿತದ ತಪ್ಪನ್ನೂ ಮುಟ್ಟಬೇಡಿ.

ಮನೆಮಂದಿಯ ನೆನಪಿನ ಪುಸ್ತಕಗಳನ್ನು ಸಿದ್ಧಮಾಡಿಕೊಡುವುದು ನನ್ನ ಕೆಲಸ. ಭಾನುವಾರ ಬಂದರೆ ನಾನೂ ಡಬ್ಬಿ ಹುಡುಕಲು ಹೋಗುವವನೇ. ಈ ಎರಡೂ ಕಡೆಯಿಂದ ಕಲಿತದ್ದು ಒಂದೇ ಮಾತು: ಹಳೆಯ ಬರಹವನ್ನು ಇವತ್ತಿನ ಕೈಯಿಂದ ಚೆಂದ ಮಾಡಿದರೆ ಹಳೆಯದು ಕೆಡುತ್ತದೆ, ಹೊಸದೂ ಹುಟ್ಟುವುದಿಲ್ಲ. ನಿಮಗೆ ನಾಚಿಕೆ ತರುವ ಆ ಒಂದು ಸಾಲು ಅಂದು ಡಬ್ಬಿಯ ಪಕ್ಕದಲ್ಲಿ, ಸೊಳ್ಳೆ ಹೊಡೆದುಕೊಳ್ಳುತ್ತ, ಬ್ಯಾಟರಿ ಸಾಯುತ್ತಿದ್ದ ಫೋನಿನಲ್ಲಿ ಬರೆದದ್ದು. ಅದು ಹಾಗೇ ಇರಲಿ. ನಿಮಗೆ ಈಗ ಹೇಳಬೇಕಾದ್ದನ್ನು ಅದರ ಕೆಳಗೆ, ಬೇರೆ ಅಕ್ಷರದಲ್ಲಿ, ಇವತ್ತಿನ ತಾರೀಖು ಹಾಕಿ ಬರೆಯಿರಿ. ಒಂದು ಪುಟದಲ್ಲಿ ಎರಡು ದನಿ. ಲಾಗ್ ಹೇಗೂ ಜಾಲತಾಣದಲ್ಲಿ ಇದ್ದೇ ಇದೆ. ಅದನ್ನಷ್ಟೇ ಅಚ್ಚು ಹಾಕಿಸಿದರೆ ಮಗ ಫೋನಿನಲ್ಲಿ ಓದಬಹುದಾದದ್ದನ್ನು ಕಾಗದದಲ್ಲಿ ಕೊಟ್ಟ ಹಾಗಾಗುತ್ತದೆ. ಲಾಗಿನಲ್ಲಿ ಬಿಟ್ಟುಹೋದದ್ದು ಈ ಪುಸ್ತಕಕ್ಕೆ ಬರಬೇಕು.

ಮುಂದೆ ಹೋಗುವ ಮುನ್ನ, ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಕ್ಯಾಶ್ ಎಂದರೆ ಇಲ್ಲಿ ದುಡ್ಡಲ್ಲ. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಗೆ ಸಹಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಂದು ಜಾಲತಾಣದಲ್ಲಿ ಅನುಭವ ಬರೆಯುತ್ತಾರೆ. ಆ ಬರಹವೇ ಲಾಗ್. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡೊಂದರಲ್ಲಿ ಬಕೆಟ್ಟೊಂದನ್ನು ಅಡಗಿಸಿಟ್ಟ. ಅಲ್ಲಿಂದ ಶುರು. ಇದಕ್ಕೊಬ್ಬ ಹಿರಿಯಣ್ಣನೂ ಇದ್ದಾನೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಒಂದು ಬಾಟಲಿ ಇಟ್ಟು, ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಚೀಟಿ ಹಾಕಿಹೋಗುವ ರೂಢಿ ಮಾಡಿದ. ಅದು ಬೆಳೆದು ಲೆಟರ್‌ಬಾಕ್ಸಿಂಗ್ ಆಯಿತು. ಆ ಆಟದವರು ಪ್ರತಿ ಪೆಟ್ಟಿಗೆಯ ರಬ್ಬರ್ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು ಬರುತ್ತಾರೆ. ಆಡುತ್ತ ಆಡುತ್ತಲೇ ಅವರ ಪುಸ್ತಕ ತುಂಬುತ್ತದೆ. ನಮ್ಮ ಆಟದಲ್ಲಿ ಚೀಟಿ ಡಬ್ಬಿಯಲ್ಲೇ ಉಳಿಯುತ್ತದೆ, ನಾವು ಬರಿಗೈಲಿ ವಾಪಸ್. ಅದಕ್ಕೇ ನಿಮ್ಮಂಥವರು ಹನ್ನೆರಡು ವರ್ಷ ಆದಮೇಲೆ ಕೂತು ಕಟ್ಟಬೇಕಾಗಿದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಲಾಗ್‌ಗಳನ್ನು ಜಾಲತಾಣದಿಂದ ಇಳಿಸಿಕೊಳ್ಳಬೇಕು. ಪ್ರೀಮಿಯಂ ಸದಸ್ಯರಾಗಿದ್ದರೆ ಪಾಕೆಟ್ ಕ್ವೆರಿ ಪುಟದಲ್ಲಿ 'ಮೈ ಫೈಂಡ್ಸ್' ಎಂಬುದಿದೆ. ಒತ್ತಿದರೆ ನೀವು ಕಂಡುಹಿಡಿದ ಎಲ್ಲವೂ ಒಂದೇ ಜಿಪಿಎಕ್ಸ್ ಕಡತವಾಗಿ ಬರುತ್ತದೆ. ಉಚಿತ ಸದಸ್ಯರಾಗಿದ್ದರೆ ಈ ಒಂದು ಕೆಲಸಕ್ಕಾಗಿ ಒಂದು ತಿಂಗಳ ಚಂದಾ ಕಟ್ಟಿದರೂ ನಷ್ಟವಿಲ್ಲ. ಅಥವಾ ಒಂದೊಂದೇ ಪುಟ ತೆರೆದು ನಕಲು ಮಾಡಿಕೊಳ್ಳಿ, 137 ತಾನೇ, ಎರಡು ಭಾನುವಾರದ ಕೆಲಸ. ನಿಜ ಹೇಳಬೇಕೆಂದರೆ ನನಗೆ ಈ ಎರಡನೆಯ ದಾರಿಯೇ ಇಷ್ಟ. ಒಂದೊಂದನ್ನೇ ತೆರೆದಾಗ ಮರೆತಿದ್ದೆಲ್ಲ ನೆನಪಾಗುತ್ತದೆ, ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡರೆ ಅರ್ಧ ಪುಸ್ತಕ ಅಲ್ಲೇ ಆಗಿಬಿಡುತ್ತದೆ.

ಜಿಪಿಎಕ್ಸ್ ಕಡತದಲ್ಲಿ ಮೂರು ಮೋಸಗಳಿವೆ. ನೀವು ಲಾಗಿಗೆ ಸೇರಿಸಿದ ಫೋಟೋಗಳು ಅದರಲ್ಲಿರುವುದಿಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಸಮಯ ಯುಟಿಸಿ ಲೆಕ್ಕದಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಸೂರ್ಯೋದಯ ನೋಡಲು ನಸುಕಿಗೇ ನಂದಿಬೆಟ್ಟಕ್ಕೆ ಹೋದವರ ಲಾಗ್ ಹಿಂದಿನ ದಿನದ್ದಾಗಿ ಕಂಡರೆ ಗಾಬರಿಯಾಗಬೇಡಿ. ಬರೀ ತಾರೀಖು ಆರಿಸಿ ಬರೆದ ಲಾಗಿಗೆ ಕಡತದಲ್ಲಿ ಕಾಣುವ ಗಂಟೆಯಂತೂ ನಿಜವಾದದ್ದೇ ಅಲ್ಲ, ಅದನ್ನು ಪುಸ್ತಕಕ್ಕೆ ತರಬೇಡಿ. ಮೂರನೆಯದೇ ದೊಡ್ಡದು: ಹೆಸರೇ ಹೇಳುವ ಹಾಗೆ ಅದರಲ್ಲಿರುವುದು ಸಿಕ್ಕವು ಮಾತ್ರ. ಹುಡುಕಿ ಹುಡುಕಿ ಎಂದೂ ಸಿಗದೇ ಹೋದ ಡಬ್ಬಿಗಳಿಗೆ ಅಲ್ಲಿ ಜಾಗವಿಲ್ಲ.

ನನ್ನ ಪ್ರಕಾರ ಪುಸ್ತಕದ ಜೀವ ಅಲ್ಲೇ ಇದೆ. 'ಸಿಗಲಿಲ್ಲ' ಎಂದು ಬರೆದ ಲಾಗ್‌ಗಳನ್ನು ನಿಮ್ಮ ಲಾಗ್ ಪಟ್ಟಿಯಲ್ಲಿ ಹುಡುಕಿ ಒಂದೂ ಬಿಡದೆ ತನ್ನಿ. ಸಿಕ್ಕಾಗ ಮನುಷ್ಯ 'ಸಿಕ್ಕಿತು, ಧನ್ಯವಾದ' ಎಂದು ಬರೆದು ಮುಂದೆ ಹೋಗುತ್ತಾನೆ. ಸಿಗದಿದ್ದಾಗ ಮಾತ್ರ ಕಲ್ಲು ಎತ್ತಿದ್ದು, ಪೊದೆಗೆ ಕೈ ಹಾಕಿದ್ದು, ಮಳೆ ಬಂದದ್ದು, ಮಗ ಅತ್ತದ್ದು ಎಲ್ಲ ಬರೆಯುತ್ತಾನೆ. ಬೆಂಗಳೂರಿನಲ್ಲಂತೂ ಸಿಗದೇ ಹೋದ ಲಾಗ್ ಊರಿನ ದಾಖಲೆಯೂ ಹೌದು. ಮರ ಕಡಿದರು, ಪಾದಚಾರಿ ಮಾರ್ಗ ಅಗೆದರು, ಕಾಂಪೌಂಡು ಕೆಡವಿ ರಸ್ತೆ ಅಗಲ ಮಾಡಿದರು, ಡಬ್ಬಿ ಮಣ್ಣಿನ ಲಾರಿ ಹತ್ತಿ ಹೋಯಿತು. ನೀವು ವಿಜಯನಗರದವರು, ಒಂದು ಲೆಕ್ಕ ನೋಡಿ. ನಿಮ್ಮ ಕಡೆ ಮೆಟ್ರೋ ಓಡತೊಡಗಿದ್ದು 2015ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ನಿಮ್ಮ ಲಾಗ್‌ಗಳೆಲ್ಲ ಬಸ್ಸಿನಲ್ಲಿ, ಆಟೋದಲ್ಲಿ, ಸ್ಕೂಟರಿನಲ್ಲಿ ಹೋದವು. ಮಗನಿಗೆ ಅದು ನೆನಪಿದೆಯೇ? ಅಂದು ಕಬ್ಬನ್ ಪಾರ್ಕಿಗೆ ಹೇಗೆ ಹೋದಿರಿ, ಎಷ್ಟು ಹೊತ್ತು ಹಿಡಿಯಿತು, ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ಸು ಬದಲಿಸಿದಿರಾ? ಇಂಥದ್ದು ಲಾಗಿನಲ್ಲಿ ಇರುವುದಿಲ್ಲ. ಆಗ ಅದು ಬರೆಯಬೇಕಾದ ಸಂಗತಿ ಅಂತ ಯಾರಿಗೂ ಅನಿಸಿರಲಿಲ್ಲ.

ಎರಡನೆಯ ದನಿಯಲ್ಲಿ ಏನು ಬರೆಯುವುದು ಅಂತ ಕೇಳುತ್ತೀರಿ. ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಬಸವನಗುಡಿಯ ಕಡೆಯ ನನ್ನ ಹಳೆಯ ಲಾಗ್ ಒಂದು ಹೀಗಿದೆ: 'ಸಿಕ್ಕಿತು. ಜನ ಜಾಸ್ತಿ ಇದ್ದರು. ಧನ್ಯವಾದ.' ಅಷ್ಟೇ. ಅದರ ಕೆಳಗೆ ನಾನು ಮೊನ್ನೆ ಮೊನ್ನೆ ಬರೆದದ್ದು: 'ಅಂದು ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ ಅನ್ನುವುದನ್ನೇ ಮರೆತು ಹೋಗಿದ್ದೆ. ಅಪ್ಪ ಕಾವಲಿಗೆ ನಿಂತಿದ್ದರು, ಕೈಯಲ್ಲಿ ಸೇರು ಕಡಲೆಕಾಯಿ ಪೊಟ್ಟಣ. ಈ ಆಟ ಏನೆಂದು ಅವರಿಗೆ ಕೊನೆಗೂ ಅರ್ಥವಾಗಲಿಲ್ಲ. ಯಾರಾದರೂ ನನ್ನನ್ನು ದಿಟ್ಟಿಸಿ ನೋಡಿದರೆ, ಏನೋ ಹುಡುಕ್ತಾನೆ ಬಿಡಿ ಸ್ವಾಮಿ, ಚಿಕ್ಕಂದಿನಿಂದ ಹಾಗೇ, ಅನ್ನುತ್ತಿದ್ದರು.' ಅಪ್ಪ ಈಗಿಲ್ಲ. ಅವರ ಬಗ್ಗೆ ನಾನು ಬರೆದಿಟ್ಟಿರುವುದೂ ಅಷ್ಟೇ, ಅದೂ ಒಂದು ಡಬ್ಬಿಯ ನೆಪದಲ್ಲಿ.

ಇಂಥದ್ದನ್ನು ನೆನಪಿನ ಆಳದಿಂದ ಎಬ್ಬಿಸಲು ನನಗೊಂದು ಉಪಾಯ ಸಿಕ್ಕಿದೆ. ಅಂದು ಹೇಳಿದ ಸುಳ್ಳು ಯಾವುದು ಅಂತ ಕೇಳಿಕೊಳ್ಳುವುದು. ಪಾರ್ಕಿನಲ್ಲಿ ಬೆಂಚಿನ ಕೆಳಗೆ ಕೈ ಹಾಕಿ ತಡಕುವವರನ್ನು ಈ ಊರಿನಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. 'ಏನ್ ಸಾರ್ ಹುಡುಕ್ತಿದೀರಾ?' ಅಂತ ವಾಚ್‌ಮನ್ ಬಂದೇ ಬರುತ್ತಾನೆ. ಕೀ ಬಿದ್ದೋಯ್ತು ಅಂದಿರೋ, ಮಗುವಿನ ಬಾಲು ಅಂದಿರೋ, ಗಿಡಮೂಲಿಕೆ ಅಂದಿರೋ? ಆತನೂ ನಿಮ್ಮ ಜತೆ ಸೇರಿ ಇಲ್ಲದ ಕೀ ಹುಡುಕಿದನೋ? ಸುಳ್ಳು ನೆನಪಾದರೆ ಅದರ ಹಿಂದೆಯೇ ಇಡೀ ದಿನ ನೆನಪಾಗುತ್ತದೆ. ಮಗನನ್ನೂ ಕೇಳಿ. ಆದರೆ ನೀವು ಬರೆದದ್ದನ್ನು ತೋರಿಸುವ ಮುಂಚೆ ಕೇಳಿ. ಇಬ್ಬರ ನೆನಪೂ ಬೇರೆಯಾಗಿದ್ದರೆ ಎರಡನ್ನೂ ಹಾಕಿ, ಪಂಚಾಯ್ತಿ ಮಾಡಬೇಡಿ.

ಎಲ್ಲ 137 ಬೇಕೇ? ಬೇಕು, ಆದರೆ ಒಂದೇ ಅಳತೆಯಲ್ಲಿ ಬೇಡ. ನಲವತ್ತೋ ಐವತ್ತೋ ಆರಿಸಿ ವಿವರವಾಗಿ ಹಾಕಿ. ಉಳಿದವನ್ನು ಕೊನೆಯಲ್ಲಿ ಪಟ್ಟಿ ಮಾಡಿ: ತಾರೀಖು, ಡಬ್ಬಿಯ ಹೆಸರು, ಜಿಸಿ ಸಂಖ್ಯೆ (ಪ್ರತಿ ಡಬ್ಬಿಗೂ ಜಾಲತಾಣ ಕೊಡುವ ಗುರುತು), ಊರು, ಒಂದು ತುಂಡು ಮಾತು. ಐದಾರು ಪುಟದಲ್ಲಿ ಮುಗಿಯುತ್ತದೆ. ಕಷ್ಟದ ಮಟ್ಟ, ಡಬ್ಬಿಯ ಗಾತ್ರ ಅಂತ ವಿಂಗಡಿಸುವ ಹುರುಪು ಕೆಲವರಿಗೆ ಇರುತ್ತದೆ. ಅದು ಲೆಕ್ಕಪುಸ್ತಕ ಆಗುತ್ತದೆ, ಬೇಡ. ಕಾಲಕ್ರಮದಲ್ಲೇ ಹೋಗಿ, ಅಧ್ಯಾಯಗಳನ್ನು ಮಗನ ವಯಸ್ಸಿನಿಂದ ಒಡೆಯಿರಿ. ಕೈ ಹಿಡಿದು ಬರುತ್ತಿದ್ದ ಕಾಲ, ಮುಂದೆ ಓಡುತ್ತಿದ್ದ ಕಾಲ, ಪಿಯುಸಿ ಅಂತ ಬರಲೊಲ್ಲದ ಕಾಲ. ಆ ಎರಡು ವರ್ಷ ಲಾಗ್‌ಗಳೇ ಇಲ್ಲದಿದ್ದರೆ ಅದನ್ನೂ ಒಂದು ಖಾಲಿ ಪುಟದಲ್ಲಿ ತಾರೀಖು ಮಾತ್ರ ಹಾಕಿ ತೋರಿಸಿ.

ಒಂದು ಎಚ್ಚರಿಕೆ. ಇನ್ನೂ ಜೀವಂತವಾಗಿರುವ ಡಬ್ಬಿಯ ಅಡಗುತಾಣದ ಫೋಟೋ, ಒಗಟು ಬಿಡಿಸಿ ಹುಡುಕುವ ಡಬ್ಬಿಯಾದರೆ ಆ ಒಗಟಿನ ಉತ್ತರ, ಇವನ್ನು ಹಾಕಬೇಡಿ. ಅರ್ಥ್‌ಕ್ಯಾಶ್‌ಗಳಿಗೂ ಇದೇ ಮಾತು. ಅಲ್ಲಿ ಡಬ್ಬಿಯೇ ಇರುವುದಿಲ್ಲ, ನೆಲದ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಕಳಿಸುವುದೇ ಆಟ. ಬಂಡೆ ನೋಡಿದ ನೆನಪು ಬರೆಯಿರಿ, ಉತ್ತರ ಬರೆಯಬೇಡಿ. ನಾನು ನನ್ನ ಮೊದಲ ಪುಸ್ತಕದಲ್ಲಿ ಈ ತಪ್ಪು ಮಾಡಿದ್ದೆ. ನಾಲ್ಕು ಪ್ರತಿಯಲ್ಲಿ ಒಂದು ನೆಂಟರ ಹುಡುಗನ ಕೈಗೆ ಹೋಗಿ, ಅವನು ಒಂದು ಪುಟದ ಫೋಟೋ ತೆಗೆದು ಎಲ್ಲರಿಗೂ ಹಂಚಿ, ಆ ಡಬ್ಬಿ ಇಟ್ಟವರು ನನಗೆ ಬಹಳ ಸೌಮ್ಯವಾಗಿ ಒಂದು ಸಂದೇಶ ಕಳಿಸಿದರು. ಬೈದಿದ್ದರೇ ಚೆನ್ನಾಗಿತ್ತು. ಡಬ್ಬಿಯ ಪುಟದಲ್ಲಿರುವ ವಿವರಣೆ ಅದನ್ನು ಇಟ್ಟವರ ಬರಹ, ಲಾಗ್ ಮಾತ್ರ ನಿಮ್ಮದು. ವಿವರಣೆ ಬೇಕೇ ಬೇಕು ಅನಿಸಿದರೆ ಅವರಿಗೊಂದು ಸಂದೇಶ ಕಳಿಸಿ ಕೇಳಿ. ಚೀಟಿಯ ಫೋಟೋದಲ್ಲಿ ಬೇರೆಯವರ ಅಡ್ಡಹೆಸರುಗಳಿದ್ದರೆ ನಿಮ್ಮ ಸಾಲನ್ನಷ್ಟೇ ಕತ್ತರಿಸಿಕೊಳ್ಳಿ.

ಫೋಟೋಗಳ ಬಗ್ಗೆ ಚಿಕ್ಕದಾಗಿ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ಬಳಸಬೇಡಿ, ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗೆ ಅಡಗಿರುವ ತಾರೀಖು, ಜಾಗದ ವಿವರವನ್ನೂ ಅಳಿಸುತ್ತದೆ. ಫೋನಿನ ಮೂಲ ಪ್ರತಿ ಹುಡುಕಿ. ನಾಲ್ಕಂಗುಲ ಅಗಲದಲ್ಲಿ ಅಚ್ಚಾಗಬೇಕಾದರೆ ಕನಿಷ್ಠ 1200 ಪಿಕ್ಸೆಲ್ ಬೇಕು. ಬಿಎಂಟಿಸಿ ಮಷೀನ್ ಟಿಕೆಟ್, ಹೋಟೆಲ್ ಬಿಲ್ಲು ಇಟ್ಟುಕೊಂಡಿದ್ದರೆ ಈಗಲೇ ಸ್ಕ್ಯಾನ್ ಮಾಡಿ, ಆ ಶಾಖದ ಕಾಗದ ಬೀರುವಿನಲ್ಲಿ ಇದ್ದಂತೆಯೇ ಬಿಳಿಚಿಕೊಳ್ಳುತ್ತದೆ. ಮೆಟ್ರೋ ಟೋಕನ್ನಂತೂ ಗೇಟೇ ನುಂಗಿಬಿಡುತ್ತದೆ, ನೆನಪಿಗೆ ಏನೂ ಉಳಿಯುವುದಿಲ್ಲ.

ನಕ್ಷೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಫೋನಿನ ನಕ್ಷೆಯ ಸ್ಕ್ರೀನ್‌ಶಾಟ್ ಅಚ್ಚಿನಲ್ಲಿ ಮಸುಕಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಕೆಳಗೆ ಅದರ ಹೆಸರು ಹಾಕಬೇಕು, ಅದು ನಿಯಮ. ನನ್ನ ಸಲಹೆ: ಕೈಯಲ್ಲೇ ಬರೆಯಿರಿ. ಒಂದು ಹಾಳೆಯಲ್ಲಿ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳನ್ನು ಗುರುತಿಸಿ. ಉತ್ತರಕ್ಕೆ ಮೇಖ್ರಿ ಸರ್ಕಲ್ ಹತ್ತಿರದ್ದು, ಪೂರ್ವಕ್ಕೆ ಹಲಸೂರು ಕೆರೆಯದ್ದು, ದಕ್ಷಿಣಕ್ಕೆ ಲಾಲ್‌ಬಾಗ್ ಬಂಡೆಯ ಮೇಲಿನದು, ಪಶ್ಚಿಮಕ್ಕೆ ಕೆಂಪಾಂಬುಧಿ ಕೆರೆಯದ್ದು. ಆ ಚೌಕಟ್ಟಿಗೆ ನಿಮ್ಮ ಡಬ್ಬಿಗಳನ್ನು ಚುಕ್ಕಿ ಇಡುತ್ತ ಬನ್ನಿ. ಎಷ್ಟು ಚುಕ್ಕಿ ಒಳಗೆ, ಎಷ್ಟು ಹೊರಗೆ ಅಂತ ನೋಡಿದರೆ ಊರು ಎಷ್ಟು ಹಬ್ಬಿದೆ ಅನ್ನುವುದೂ, ನಿಮ್ಮ ಸ್ಕೂಟರ್ ಎಲ್ಲೆಲ್ಲಿ ಓಡಿದೆ ಅನ್ನುವುದೂ ಒಟ್ಟಿಗೇ ಕಾಣುತ್ತದೆ. ಭೂಮಿ ಅಳೆಯುವ ಗೀಳು ಈ ಊರಿಗೆ ಹೊಸದೇನಲ್ಲ. ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1800ರಲ್ಲಿ ಸರ್ವೆಗಾಗಿ ತಳರೇಖೆ, ಅಂದರೆ ಉಳಿದ ಅಳತೆಗೆಲ್ಲ ಆಧಾರವಾಗುವ ಗೆರೆ, ಎಳೆದದ್ದು ಬೆಂಗಳೂರಿನ ಹತ್ತಿರವೇ, ಅದೂ ಸರಪಳಿ ಹಿಡಿದು. ಈಗ ಅಕ್ಷಾಂಶದ ಒಂದು ನಿಮಿಷದ ಸಾವಿರದಲ್ಲೊಂದು ಭಾಗ, ಅಂದರೆ ಸುಮಾರು 1.85 ಮೀಟರ್, ನಮ್ಮ ಫೋನಿನಲ್ಲೇ ಕಾಣುತ್ತದೆ. ಡಬ್ಬಿ ಮಾತ್ರ ಕಾಣುವುದಿಲ್ಲ.

ಇನ್ನು ಅಕ್ಷರದ ತಾಪತ್ರಯ. ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಬರಹ ನಿಮ್ಮದು. ಜಾಲತಾಣದ ಕನ್ನಡವೆಲ್ಲ ಯುನಿಕೋಡ್. ಆದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಎಷ್ಟೋ ಕಡೆ ಹಳೆಯ ನುಡಿ ಫಾಂಟಿನಲ್ಲೇ ಕೆಲಸ. ಅದಕ್ಕೆ ಪರಿವರ್ತಿಸಿದಾಗ ಇಂಗ್ಲಿಷ್ ಅಕ್ಷರಗಳು ಕನ್ನಡದ ತುಂಡುಗಳಾಗಿ ಕಾಣುತ್ತವೆ. ಡಬ್ಬಿಯ ಹೆಸರು, ಜಿಸಿ ಸಂಖ್ಯೆ, ಅಕ್ಷಾಂಶದ ಮುಂದಿನ ದಿಕ್ಕಿನ ಅಕ್ಷರ ಎಲ್ಲ ಮಂತ್ರದಂತಾಗುತ್ತವೆ. ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಹಾಗಾಗಿ ಟೈಪ್ ಮಾಡಿಸಲು ಹೋಗಬೇಡಿ. ಮನೆಯಲ್ಲೇ ಲಿಬ್ರೆ ಆಫೀಸ್‌ನಲ್ಲಿ ಯುನಿಕೋಡಿನಲ್ಲಿ ಪುಟ ಕಟ್ಟಿ, ಫಾಂಟುಗಳು ಒಳಗೇ ಸೇರಿದ ಪಿಡಿಎಫ್ ಮಾಡಿ ಅಂಗಡಿಗೆ ಒಯ್ಯಿರಿ. ನೋಟೋ ಸೆರಿಫ್ ಕನ್ನಡ ಉಚಿತವಾಗಿ ಸಿಗುತ್ತದೆ, ಓದಲೂ ಹಿತ. ಹಳೆಯ ಲಾಗಿಗೆ ಒಂದು ಫಾಂಟು, ಇಂದಿನ ಮಾತಿಗೆ ಇನ್ನೊಂದು. ಮೂರನೆಯದು ಬೇಡ. ಇಂಗ್ಲಿಷ್ ಲಾಗನ್ನು ಅನುವಾದಿಸಲೂ ಹೋಗಬೇಡಿ. ಮಗನ ಜತೆ ಆ ಕಾಲದಲ್ಲಿ ಹೇಗೆ ಮಾತಾಡುತ್ತಿದ್ದಿರೋ ಆ ಕಲಬೆರಕೆಯೇ ನಿಮ್ಮ ಮನೆಯ ಭಾಷೆ.

ಗಾತ್ರ ಡೆಮಿ, ನಮ್ಮ ಕಾದಂಬರಿಗಳ ಅಳತೆ, ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಎತ್ತರ. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಕೂರುತ್ತದೆ. 128 ಪುಟಕ್ಕೆ ಯೋಜನೆ ಹಾಕಿ, ಹದಿನಾರು ಪುಟದ ಎಂಟು ಫಾರಂ. ಫೋಟೋ ಪುಸ್ತಕದ ಹೊಳೆಯುವ ಕಾಗದ ಬೇಡ, ಅದರ ಮೇಲೆ ಪೆನ್ನು ಹಿಡಿಯುವುದಿಲ್ಲ, ನಮ್ಮ ಮಳೆಗಾಲದ ತೇವಕ್ಕೆ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಹೊಳಪಿಲ್ಲದ ದಪ್ಪನೆಯ ಮ್ಯಾಪ್‌ಲಿಥೋ ಕಾಗದ ಸಾಕು, ಫೋಟೋ ಸ್ವಲ್ಪ ಮಂಕಾಗಿ ಬಂದರೂ ಪರವಾಗಿಲ್ಲ. ಎರಡು ಮೂರು ಪ್ರತಿಗೆ ಆಫ್‌ಸೆಟ್ ಮಾತೇ ಇಲ್ಲ, ಡಿಜಿಟಲ್ ಮುದ್ರಣವೇ ಗತಿ. 12 ಅಂಗುಲ ಅಗಲ, 18 ಅಂಗುಲ ಉದ್ದದ ಹಾಳೆಯ ಒಂದು ಮಗ್ಗುಲಿಗೆ ನಿಮ್ಮ ನಾಲ್ಕು ಪುಟ ಕೂರುತ್ತವೆ. ಎರಡು ಮಗ್ಗುಲೂ ಅಚ್ಚು ಹಾಕಿ ಮಡಿಸಿದರೆ ಎಂಟು, ಅಂಥ ಎರಡು ಹಾಳೆ ಒಂದರೊಳಗೊಂದು ಸೇರಿಸಿದರೆ ಒಂದು ಫಾರಂ.

ಬೈಂಡಿಂಗ್ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಪರ್ಫೆಕ್ಟ್ ಬೈಂಡಿಂಗ್ ಅಂತ ಅಂಗಡಿಯವರು ಹೇಳುವುದು ಬರೀ ಅಂಟು. ಹೆಸರಷ್ಟೇ ಪರ್ಫೆಕ್ಟು. ನನ್ನ ಮೊದಲ ಪುಸ್ತಕವನ್ನು ಅವಸರಕ್ಕೆ ಹಾಗೇ ಮಾಡಿಸಿದೆ. ಎರಡನೇ ಬೇಸಿಗೆಗೆ ಅಂಟು ಬಿರಿದು ಹಾಳೆಗಳು ಒಂದೊಂದೇ ಕೈಗೆ ಬಂದವು. ನಿಮಗೆ ಬೇಕಾದದ್ದು ಹೊಲಿಗೆ ಬೈಂಡಿಂಗ್, ಮೇಲೆ ರಟ್ಟು, ರಟ್ಟಿನ ಮೇಲೆ ಕ್ಯಾಲಿಕೋ ಬಟ್ಟೆ. ಬಳೇಪೇಟೆ, ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ ವಿಚಾರಿಸಿ. ಲೆಕ್ಕದ ಪುಸ್ತಕ, ಲೈಬ್ರರಿ ಪುಸ್ತಕ ಹೊಲಿಯುವ ಕೈಗಳು ಇನ್ನೂ ಇವೆ. 'ಫಾರಂ ಫಾರಂ ಆಗಿ ಹೊಲಿಯಬೇಕು, ಪಕ್ಕದಿಂದ ತೂತು ಹೊಡೆದು ಹೊಲಿಯಬಾರದು' ಅಂತ ಬಾಯಿಬಿಟ್ಟು ಹೇಳಿ. ಪಕ್ಕದಿಂದ ಹೊಲಿದರೆ ಗಟ್ಟಿಯಾಗಿರುತ್ತದೆ, ಆದರೆ ಪುಸ್ತಕ ತೆರೆದು ಮೇಜಿನ ಮೇಲೆ ಮಲಗುವುದಿಲ್ಲ. ನೀವೇ ಒಂದು ಖಾಲಿ ಮಾದರಿ ಮಡಿಸಿ, ಪುಟಸಂಖ್ಯೆ ಪೆನ್ಸಿಲಿನಲ್ಲಿ ಬರೆದು ಒಯ್ದರೆ ಅರ್ಧ ಜಗಳ ತಪ್ಪುತ್ತದೆ. ವಾರ ಅಂದರೆ ಹದಿನೈದು ದಿನ ಅಂತ ಇಟ್ಟುಕೊಳ್ಳಿ, ದಸರಾ ಹತ್ತಿರ ಬಂದರೆ ಇನ್ನೂ ಹೆಚ್ಚು.

ಮೂರು ಪ್ರತಿ ಮಾಡಿಸಿ. ಒಂದು ಅವನಿಗೆ, ಒಂದು ನಿಮಗೆ, ಇನ್ನೊಂದು ಗೆದ್ದಲು, ಬೆಳ್ಳಿಹುಳು, ನೆಂಟರ ಲೆಕ್ಕಕ್ಕೆ. ಅವನ ಪ್ರತಿಯ ಕೊನೆಗೆ ಒಂದು ಪೂರ್ತಿ ಫಾರಂ ಖಾಲಿ ಬಿಟ್ಟು ಹೊಲಿಸಿ. ಅಮೆರಿಕ ಬಿಟ್ಟರೆ ಅತಿ ಹೆಚ್ಚು ಡಬ್ಬಿಗಳಿರುವ ದೇಶ ಜರ್ಮನಿ. ಹದಿನಾರು ಪುಟ ಅಲ್ಲಿ ಒಂದು ಚಳಿಗಾಲಕ್ಕೂ ಸಾಲುವುದಿಲ್ಲ, ಇರಲಿ. ಇನ್ನೊಂದು ಕೆಲಸ ಬಾಕಿ ಇದೆ. ನಿಮ್ಮ ಸಿಗಲಿಲ್ಲದ ಪಟ್ಟಿಯಲ್ಲಿ ಇನ್ನೂ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ಬೆಂಗಳೂರಿನ ಡಬ್ಬಿ ಒಂದಾದರೂ ಇದ್ದೇ ಇರುತ್ತದೆ. ಪಿಡಿಎಫ್ ಅಂಗಡಿಗೆ ಕೊಡುವ ಹಿಂದಿನ ಭಾನುವಾರ ಇಬ್ಬರೂ ಹೋಗಿ ಅದನ್ನು ಮತ್ತೊಮ್ಮೆ ಹುಡುಕಿ ಬನ್ನಿ. 127ನೆಯ ಪುಟವನ್ನು ಅದಕ್ಕೆಂದೇ ಇಟ್ಟುಕೊಳ್ಳಿ, ಈ ಸಲ ಲಾಗ್ ಅವನೇ ಬರೆಯಲಿ.